ಹತ್ತು ಬೆರಳು, ಹನ್ನೆರಡು ಅಂಕಿ

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ನಾಯಂಡಹಳ್ಳಿಯಂಥ ಬಡಾವಣೆಯಲ್ಲಿ ದುಡಿದು ಬದುಕುವ ಕುಟುಂಬವೊಂದು ತನ್ನ ಗುರುತನ್ನು ಎಷ್ಟು ಕಡೆ ಸಾಬೀತುಪಡಿಸಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿದರೆ, ಗುರುತಿನ ಚೀಟಿಯೆಂಬುದು ಈಗ ಪೆಟ್ಟಿಗೆಯಲ್ಲಿ ಭದ್ರವಾಗಿ ಇಡುವ ಪತ್ರವಾಗಿ ಉಳಿದಿಲ್ಲವೆಂಬುದು ತಿಳಿಯುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಲು ಬೆರಳು ಒತ್ತಬೇಕು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಭವಿಷ್ಯನಿಧಿಯ ಖಾತೆಗೆ ಆಧಾರ್ ಸಂಖ್ಯೆ ಜೋಡಿಸಬೇಕು. ಬಾಡಿಗೆ ಮನೆಯ ಕರಾರಿಗೆ ಆಧಾರ್‌ನ ಜೆರಾಕ್ಸ್ ಪ್ರತಿ ಕೊಡಬೇಕು. ಮಗುವನ್ನು ಶಾಲೆಗೆ ಸೇರಿಸುವಾಗ, ಹೊಸ ಸಿಮ್ ಕೊಳ್ಳುವಾಗ, ಮನೆಯ ಯಜಮಾನಿಯು ಗೃಹಲಕ್ಷ್ಮಿ ಯೋಜನೆಗೆ ಅರ್ಜಿ ಹಾಕುವಾಗ ಅದೇ ಹನ್ನೆರಡು ಅಂಕಿಗಳನ್ನು ಬರೆಯಬೇಕು. ಈ ಕೆಲಸಗಳ ಮಹತ್ವ ಒಂದೇ ಸಮನಾದುದಲ್ಲ, ಅವುಗಳಲ್ಲಿ ಮೋಸ ನಡೆದರೆ ಆಗುವ ನಷ್ಟವೂ ಒಂದೇ ಅಲ್ಲ. ಆದರೂ ಎಲ್ಲ ಕಡೆ ಕೇಳುವ ಗುರುತು ಒಂದೇ, ಮತ್ತು ಆ ಗುರುತಿನ ತಳಹದಿಯಲ್ಲಿರುವುದು ವ್ಯಕ್ತಿಯ ದೇಹ.

ದೇಹದ ಲಕ್ಷಣಗಳನ್ನು ಅಳೆದು ವ್ಯಕ್ತಿಯನ್ನು ಗುರುತಿಸುವ ವಿಧಾನಕ್ಕೆ ಬಯೊಮೆಟ್ರಿಕ್ ಎಂಬ ಹೆಸರಿದೆ. ಅದರ ಬಗೆಗಿನ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಭದ್ರತೆ ಬೇಕೋ ಖಾಸಗಿತನ ಬೇಕೋ ಎಂಬ ಪ್ರಶ್ನೆಯಾಗಿ ನಡೆಯುತ್ತದೆ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು ಎಂಬ ಊಹೆ ಆ ಪ್ರಶ್ನೆಯೊಳಗೇ ಅಡಗಿದೆ. ಕರ್ನಾಟಕದಲ್ಲಿ ನಡೆದ ಘಟನೆಗಳನ್ನು ಹತ್ತಿರದಿಂದ ನೋಡಿದಾಗ ಈ ಊಹೆ ನಿಲ್ಲುವುದಿಲ್ಲ, ಏಕೆಂದರೆ ಖಾಸಗಿತನ ಸೋರಿದ ಕಡೆಯಲ್ಲೇ ಹಣವೂ ಸೋರಿದೆ, ಮತ್ತು ಬೆರಳನ್ನು ಅಗತ್ಯಕ್ಕಿಂತ ಹೆಚ್ಚು ಕಡೆ ಕೇಳಿದ್ದರಿಂದ ಆ ಬೆರಳಿನ ಮೇಲಿನ ನಂಬಿಕೆಯೇ ಕುಂದಿದೆ.

ಯಂತ್ರವು ಬೆರಳನ್ನು ಗುರುತಿಸುವ ಬಗೆಯನ್ನು ಮೊದಲು ಅರಿತರೆ ಮುಂದಿನದು ಸುಲಭವಾಗುತ್ತದೆ. ಬೆರಳ ತುದಿಯಲ್ಲಿರುವ ಏಣುಗೆರೆಗಳು ಕೆಲವೆಡೆ ಥಟ್ಟನೆ ಮುಗಿಯುತ್ತವೆ, ಕೆಲವೆಡೆ ಎರಡಾಗಿ ಕವಲೊಡೆಯುತ್ತವೆ. ಈ ಕೊನೆಗಳೂ ಕವಲುಗಳೂ ಎಲ್ಲೆಲ್ಲಿ, ಯಾವ ಕೋನದಲ್ಲಿವೆ ಎಂಬುದನ್ನು ಸಂಖ್ಯೆಗಳಾಗಿ ಬರೆದಿಟ್ಟ ಪಟ್ಟಿಗೆ ಟೆಂಪ್ಲೇಟ್ ಎನ್ನುತ್ತಾರೆ. ವ್ಯಕ್ತಿ ಮತ್ತೆ ಬೆರಳಿಟ್ಟಾಗ ಸಿಗುವ ಪಟ್ಟಿ ಹಿಂದಿನದರೊಂದಿಗೆ ಅಕ್ಷರಶಃ ಹೊಂದುವುದಿಲ್ಲ. ಒತ್ತಡ, ಬೆವರು, ಗಾಯ, ಸವೆತಗಳಿಂದ ಪ್ರತಿ ಸಲವೂ ಸ್ವಲ್ಪ ಬೇರೆಯಾಗಿರುತ್ತದೆ. ಆದುದರಿಂದ ಯಂತ್ರ ಕೊಡುವ ಉತ್ತರ ಎಂದಿಗೂ ಖಚಿತವಾದ ಹೌದು ಅಥವಾ ಅಲ್ಲ ಆಗಿರದೆ, ಇಂತಿಷ್ಟು ಹೋಲಿಕೆ ಕಂಡರೆ ಒಪ್ಪಬೇಕೆಂದು ಯಾರೋ ನಿಗದಿಪಡಿಸಿದ ಮಿತಿಗೆ ಒಳಪಟ್ಟ ಅಂದಾಜಾಗಿರುತ್ತದೆ. ಮಿತಿಯನ್ನು ಸಡಿಲಿಸಿದರೆ ಬೇರೆಯವರನ್ನು ಒಳಗೆ ಬಿಡುವ ತಪ್ಪು ಹೆಚ್ಚುತ್ತದೆ, ಬಿಗಿಗೊಳಿಸಿದರೆ ನಿಜವಾದ ವ್ಯಕ್ತಿಯನ್ನೇ ಹೊರಗಿಡುವ ತಪ್ಪು ಹೆಚ್ಚುತ್ತದೆ, ಮತ್ತು ಈ ಎರಡೂ ಏಕಕಾಲಕ್ಕೆ ಸೊನ್ನೆಯಾಗುವ ಯಂತ್ರ ಇನ್ನೂ ಬಂದಿಲ್ಲ.

ಹೋಲಿಸುವ ಕೆಲಸದಲ್ಲೂ ಎರಡು ಬಗೆಗಳಿವೆ. ಈಕೆ ತಾನು ಹೇಳಿಕೊಳ್ಳುತ್ತಿರುವ ವ್ಯಕ್ತಿಯೇ ಹೌದೇ ಎಂದು ಒಂದು ದಾಖಲೆಯೊಂದಿಗೆ ಮಾತ್ರ ಹೋಲಿಸುವುದು ಒಂದು ಬಗೆ. ನ್ಯಾಯಬೆಲೆ ಅಂಗಡಿಯಲ್ಲಿ ನಡೆಯುವುದು ಇದು. ಈ ಬೆರಳು ಯಾರದು ಎಂದು ಎಲ್ಲರ ದಾಖಲೆಗಳೊಂದಿಗೆ ಹೋಲಿಸುವುದು ಇನ್ನೊಂದು ಬಗೆ. ಒಬ್ಬರಿಗೆ ಎರಡು ಆಧಾರ್ ಸಿಗದಂತೆ ನೋಂದಣಿಯ ವೇಳೆ ನಡೆಯುವ ಪರಿಶೀಲನೆ ಇಂಥದು. ಎರಡನೆಯದರಲ್ಲಿ ದಾಖಲೆಗಳು ಹೆಚ್ಚಿದಷ್ಟೂ ಆಕಸ್ಮಿಕ ಹೋಲಿಕೆಯ ಸಂಭವ ಹೆಚ್ಚುತ್ತದೆ. ಸುಮಾರು 8.4 ಕೋಟಿ ದಾಖಲೆಗಳಿದ್ದಾಗ ನಡೆಸಿದ ಪರೀಕ್ಷೆಯನ್ನಾಧರಿಸಿ ಆಧಾರ್ ನೀಡುವ ವಿಶಿಷ್ಟ ಗುರುತು ಪ್ರಾಧಿಕಾರವು 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಇಂಥ ತಪ್ಪು ಹೋಲಿಕೆಯ ಪ್ರಮಾಣ ಶೇ 0.057, ಅಂದರೆ ಹತ್ತು ಲಕ್ಷಕ್ಕೆ 570. ಈಗ ನೋಂದಾಯಿತರ ಸಂಖ್ಯೆ 130 ಕೋಟಿಯನ್ನು ಮೀರಿದೆ. 2022ರಲ್ಲಿ ಹೊರಬಂದ ಮಹಾಲೇಖಪಾಲರ ವರದಿಯು, 2019ರ ನವೆಂಬರ್ ವೇಳೆಗೆ ನಕಲಿ ಎಂಬ ಕಾರಣಕ್ಕೆ 4.75 ಲಕ್ಷಕ್ಕೂ ಹೆಚ್ಚು ಆಧಾರ್‌ಗಳನ್ನು ರದ್ದುಪಡಿಸಬೇಕಾಯಿತೆಂದು ದಾಖಲಿಸಿತು.

ಈ ವ್ಯವಸ್ಥೆಯೊಂದಿಗೆ ಬೆಂಗಳೂರಿನ ನಂಟು ಮೊದಲಿನಿಂದಲೂ ಗಾಢವಾದುದು. 2009ರ ಜನವರಿಯಲ್ಲಿ ರಚನೆಯಾದ ಪ್ರಾಧಿಕಾರದ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಅದರ ತಂತ್ರಜ್ಞಾನ ಕೇಂದ್ರವಿರುವುದು ಇದೇ ನಗರದಲ್ಲಿ. ಕೋಟ್ಯಂತರ ಜನರ ಹತ್ತು ಬೆರಳಚ್ಚು, ಎರಡು ಕಣ್ಣಿನ ಪಾಪೆ ಮತ್ತು ಮುಖಚಿತ್ರಗಳಿರುವ ಕೇಂದ್ರೀಯ ಕೋಶದ ಎರಡು ನೆಲೆಗಳಲ್ಲಿ ಒಂದು ಬೆಂಗಳೂರಿನಲ್ಲಿ, ಇನ್ನೊಂದು ಹರಿಯಾಣದ ಮಾನೇಸರದಲ್ಲಿ ಇದೆ. ಕರ್ನಾಟಕದಲ್ಲಿ ನೋಂದಣಿ 2010ರಲ್ಲಿ ಮೈಸೂರು, ತುಮಕೂರು ಜಿಲ್ಲೆಗಳಿಂದ ಆರಂಭವಾಯಿತು. ಆ ವ್ಯವಸ್ಥೆಯನ್ನು ಪ್ರಶ್ನಿಸಿದ ದನಿಯೂ ಇಲ್ಲಿಂದಲೇ ಎದ್ದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಸಂಸತ್ತು ಒಪ್ಪಿದ ಕಾನೂನೇ ಇಲ್ಲದೆ ಜನರ ದೇಹದ ಗುರುತುಗಳನ್ನು ಸಂಗ್ರಹಿಸುವುದು ಸಲ್ಲದೆಂದು ಸುಪ್ರೀಂ ಕೋರ್ಟಿನ ಮೊರೆಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರ್ಕಾರವು 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿದ್ದರಿಂದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂಡಬೇಕಾಯಿತು, ಮತ್ತು 2017ರ ಆಗಸ್ಟ್ 24ರಂದು ಆ ಪೀಠ ಖಾಸಗಿತನವು ಸಂವಿಧಾನದ 21ನೆಯ ವಿಧಿಯಲ್ಲೇ ಅಂತರ್ಗತವಾದ ಹಕ್ಕೆಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 98 ವರ್ಷ ಬದುಕಿ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಇಂದು ದೇಶದ ಯಾವ ನ್ಯಾಯಾಲಯದಲ್ಲಿ ಖಾಸಗಿತನದ ಪ್ರಶ್ನೆ ಬಂದರೂ ಅವರ ಹೆಸರಿನ ತೀರ್ಪಿನಿಂದಲೇ ವಾದ ಆರಂಭವಾಗುತ್ತದೆ.

ಆ ತೀರ್ಪು ಕೊಟ್ಟ ಅಳತೆಗೋಲು ಸಾಮಾನ್ಯ ಓದುಗರಿಗೂ ಉಪಯುಕ್ತವಾದುದು. ಸರ್ಕಾರವು ಖಾಸಗಿತನದೊಳಗೆ ಕೈಯಿಡಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಮತ್ತು ಉದ್ದೇಶಕ್ಕೆ ತಕ್ಕಷ್ಟೇ ಕೈಯಿಡಬೇಕು, ಅದಕ್ಕಿಂತ ಹೆಚ್ಚಲ್ಲ. ಈ ಅಳತೆಯಲ್ಲಿ ಆಧಾರ್ ಅನ್ನು ಪರೀಕ್ಷಿಸಿದ ಐವರ ಪೀಠ 2018ರ ಸೆಪ್ಟೆಂಬರ್ 26ರಂದು ನಾಲ್ಕು–ಒಂದರ ಬಹುಮತದಿಂದ 2016ರ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ ಅದರ ಕೆಲವು ರೆಕ್ಕೆಗಳನ್ನು ಕತ್ತರಿಸಿತು: ಬ್ಯಾಂಕ್ ಖಾತೆಗೂ ಮೊಬೈಲ್ ಸಂಪರ್ಕಕ್ಕೂ ಆಧಾರ್ ಕಡ್ಡಾಯವಲ್ಲವೆಂದಿತು, ಕರಾರಿನ ಬಲದಿಂದ ಖಾಸಗಿ ಕಂಪನಿಗಳು ಅದನ್ನು ಬಳಸಲು ಬಿಟ್ಟಿದ್ದ 57ನೆಯ ಕಲಮಿನ ಭಾಗವನ್ನು ರದ್ದುಪಡಿಸಿತು, ದೃಢೀಕರಣದ ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳುವ ಬದಲು ಆರು ತಿಂಗಳಿಗೆ ಸೀಮಿತಗೊಳಿಸಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರೊಬ್ಬರೇ ಇಡೀ ಕಾಯ್ದೆ ಅಸಾಂವಿಧಾನಿಕವೆಂದು ಭಿನ್ನಮತ ಬರೆದರು. 2019ರಲ್ಲಿ ಜಮೈಕಾದ ನ್ಯಾಯಾಲಯವು ತನ್ನ ದೇಶದ ಕಡ್ಡಾಯ ಬಯೊಮೆಟ್ರಿಕ್ ಗುರುತಿನ ಕಾನೂನನ್ನು ತಳ್ಳಿಹಾಕುವಾಗ ಆ ಭಿನ್ನಮತವನ್ನು ವಿಸ್ತಾರವಾಗಿ ಆಶ್ರಯಿಸಿತು. ನಮ್ಮಲ್ಲಾದರೋ ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು, ಬ್ಯಾಂಕುಗಳಿಗೂ ಸಿಮ್ ಮಾರುವವರಿಗೂ ಗ್ರಾಹಕರು ಸ್ವಇಚ್ಛೆಯಿಂದ ಆಧಾರ್ ಕೊಡಬಹುದೆಂಬ ದಾರಿಯನ್ನು ತೆರೆಯಲಾಯಿತು. ಕೌಂಟರಿನ ಮುಂದೆ ನಿಂತ ಗ್ರಾಹಕನಿಗೆ ಬೇರೆ ಪತ್ರವೂ ನಡೆಯುತ್ತದೆಂದು ಯಾರೂ ಹೇಳದಿದ್ದಾಗ ಆ ಇಚ್ಛೆಗೆ ಏನರ್ಥವೆಂಬ ಪ್ರಶ್ನೆ ಉಳಿದೇ ಇದೆ.

ಕೇಂದ್ರೀಯ ಕೋಶದ ರಕ್ಷಣೆಯ ಬಗ್ಗೆ ಪ್ರಾಧಿಕಾರ ಹೇಳುವ ಮಾತುಗಳಲ್ಲಿ ಸತ್ಯಾಂಶವಿದೆ. ಅಂಗಡಿಯ ಯಂತ್ರದಲ್ಲಿ ಇಟ್ಟ ಬೆರಳಿನ ಚಿತ್ರ ಗೂಢಲಿಪಿಯಾಗಿ ಮಾರ್ಪಟ್ಟ ಬಳಿಕವೇ ಮುಂದೆ ಸಾಗುತ್ತದೆ. ಕೋಶದಿಂದ ಹೊರಡುವುದು ಸಾಮಾನ್ಯವಾಗಿ ಹೌದು ಅಥವಾ ಅಲ್ಲ ಎಂಬ ಉತ್ತರ ಮಾತ್ರ. ಯಾವ ಕಾರಣಕ್ಕೆ ದೃಢೀಕರಣ ನಡೆಯಿತೆಂಬುದನ್ನು ಪ್ರಾಧಿಕಾರ ಸಂಗ್ರಹಿಸುವುದನ್ನು ಕಾಯ್ದೆಯೇ ನಿಷೇಧಿಸಿದೆ. ಆದರೆ ಜನರಿಗೆ ತಗುಲಿದ ಪೆಟ್ಟುಗಳು ಬಹುಪಾಲು ಕೋಶದಿಂದ ಬಂದವಲ್ಲ, ಅದರ ಅಂಚಿನಲ್ಲಿರುವ ಕಚೇರಿ, ಅಂಗಡಿ, ಜಾಲತಾಣಗಳಿಂದ ಬಂದವು, ಮತ್ತು ಇದನ್ನು ಕರ್ನಾಟಕದ ಕಾವೇರಿ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಅಪರೂಪ.

ಕಾವೇರಿ ಎಂಬುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ತಂತ್ರಾಂಶ. ಕೆಂಗೇರಿಯಲ್ಲೋ ರಾಜಾಜಿನಗರದಲ್ಲೋ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ನಿವೇಶನ ಕೊಂಡವರು ಕ್ರಯಪತ್ರದ ಮೇಲೆ ಹೆಬ್ಬೆಟ್ಟಿನ ಗುರುತು ಹಾಕುವುದು, ಪತ್ರದಲ್ಲಿ ಆಧಾರ್ ಸಂಖ್ಯೆ ನಮೂದಾಗುವುದು ರೂಢಿಯಾಗಿತ್ತು. ಆಸ್ತಿ ವ್ಯವಹಾರ ಪಾರದರ್ಶಕವಾಗಿರಬೇಕೆಂಬ ಒಳ್ಳೆಯ ಉದ್ದೇಶದಿಂದ ಆ ಪತ್ರದ ಪ್ರತಿ ಜಾಲತಾಣದಲ್ಲಿ ಇತರರಿಗೂ ಸಿಗುತ್ತಿತ್ತು. ಇನ್ನೊಂದು ಕಡೆ, ಎಟಿಎಂ ಇಲ್ಲದ ಹಳ್ಳಿಗಳಿಗಾಗಿ ರೂಪುಗೊಂಡ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದುದು ಮೂರೇ ಸಂಗತಿ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಇದರಲ್ಲಿ ಮೊಬೈಲಿಗೆ ಒಟಿಪಿ ಬರುವುದಿಲ್ಲ, ಪಿನ್ ಒತ್ತಬೇಕಾಗಿಲ್ಲ. ಒಂದು ಸಲಕ್ಕೆ ಹತ್ತು ಸಾವಿರ ರೂಪಾಯಿವರೆಗೆ ತೆಗೆಯಬಹುದು. ವಂಚಕರು ಕ್ರಯಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ಕೃತಕ ಬೆರಳಚ್ಚು ತಯಾರಿಸಿ, ಅದೇ ಪುಟದಲ್ಲಿದ್ದ ಆಧಾರ್ ಸಂಖ್ಯೆಯನ್ನು ಬಳಸಿ ಖಾತೆಗಳಿಗೆ ಕನ್ನ ಹಾಕಿದರು. 2023ರಲ್ಲಿ ಇಂಥ ದೂರುಗಳು ಸಾಲುಸಾಲಾಗಿ ಬಂದವು, ಬೆಂಗಳೂರು ಪೊಲೀಸರು ಆ ವರ್ಷದ ಅಕ್ಟೋಬರ್‌ನಲ್ಲಿ ಬಿಹಾರ ಮೂಲದ ಆರೋಪಿಗಳನ್ನು ಬಂಧಿಸಿದರು, ನೋಂದಣಿ ಇಲಾಖೆಯೂ ಪತ್ರಗಳ ಪ್ರತಿಯಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕಾಣದಂತೆ ಮರೆಮಾಚಲು ಮುಂದಾಯಿತು.

ಈ ಪ್ರಕರಣದಲ್ಲಿ ಯಾರೂ ಪ್ರಾಧಿಕಾರದ ಕೇಂದ್ರೀಯ ಕೋಶಕ್ಕೆ ನುಗ್ಗಲಿಲ್ಲ, ಯಾವ ಗೂಢಲಿಪಿಯನ್ನೂ ಒಡೆಯಲಿಲ್ಲ. ಒಂದು ಇಲಾಖೆ ಆಸ್ತಿಯ ಭದ್ರತೆಗೆಂದು ಪಡೆದ ಗುರುತು ಇನ್ನೊಂದು ವ್ಯವಸ್ಥೆಯಲ್ಲಿ ಹಣದ ಕೀಲಿಯಾಗಿತ್ತು, ಮತ್ತು ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಹೊಣೆ ಯಾರದೂ ಆಗಿರಲಿಲ್ಲ. ಮನೆಯ ಕೀಲಿ ಕಳೆದರೆ ಬೀಗ ಬದಲಿಸಬಹುದು. ಬೆರಳಚ್ಚು ಕಳುವಾದವರಿಗೆ ಬದಲಿಸಲು ಬೇರೆ ಬೆರಳಿಲ್ಲ. ಹಣ ಕಳೆದುಕೊಂಡವರಲ್ಲಿ ಅನೇಕರಿಗೆ ತಮ್ಮ ಖಾತೆಯಲ್ಲಿ ಇಂಥ ಪಾವತಿ ಸೌಲಭ್ಯ ಇದೆಯೆಂಬುದೇ ತಿಳಿದಿರಲಿಲ್ಲವೆಂಬುದು ಇಲ್ಲಿ ಹೆಚ್ಚು ನೋವಿನ ಸಂಗತಿ, ಏಕೆಂದರೆ ಕೇಳದೆ ಬಂದ ಸೌಲಭ್ಯವನ್ನು ಕಾಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಜೆರಾಕ್ಸ್ ಪ್ರತಿಯ ಕಥೆ ಇದಕ್ಕೆ ಹತ್ತಿರದ್ದೇ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು, ಆಧಾರ್‌ನ ನಕಲು ಪ್ರತಿಯನ್ನು ಯಾವ ಸಂಸ್ಥೆಗೂ ಕೊಡಬೇಡಿ, ದುರುಪಯೋಗವಾದೀತು, ಬದಲಿಗೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮುಸುಕು ಹಾಕಿದ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತು. ಹೋಟೆಲುಗಳಿಗೂ ಚಿತ್ರಮಂದಿರಗಳಿಗೂ ಪರವಾನಗಿ ಇಲ್ಲದೆ ಪ್ರತಿ ಇಟ್ಟುಕೊಳ್ಳಲು ಅನುಮತಿಯಿಲ್ಲವೆಂದೂ ತಿಳಿಸಿತು. ಎರಡೇ ದಿನದಲ್ಲಿ, ಮೇ 29ರಂದು, ಪ್ರಕಟಣೆಯನ್ನು ತಪ್ಪಾಗಿ ಅರ್ಥೈಸಿಕೊಳ್ಳುವ ಸಂಭವವಿದೆಯೆಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಬೆಂಗಳೂರು ಕಚೇರಿಯ ಆ ಮಾತು ಜನರನ್ನು ಗಾಬರಿಗೊಳಿಸಿದ್ದು ನಿಜ. ಆದರೆ ಅದು ಸರಿಯಾದ ಮಾತಾಗಿತ್ತು, ಮತ್ತು ಅದನ್ನು ಹಿಂಪಡೆದು ಜನರಿಗೆ ಎಂದಿನ ಜಾಗ್ರತೆ ವಹಿಸಿ ಎಂದಷ್ಟೇ ಹೇಳಿದ್ದು ತಪ್ಪು. ಮೈಸೂರು ರಸ್ತೆಯ ಆಸುಪಾಸಿನ ಪಿಜಿಗಳಲ್ಲಿ, ಸೈಬರ್ ಅಂಗಡಿಗಳಲ್ಲಿ, ಮನೆ ಬಾಡಿಗೆಯ ದಲ್ಲಾಳಿಗಳ ಕಡತಗಳಲ್ಲಿ ಪೂರ್ತಿ ಅಂಕಿಗಳಿರುವ ಪ್ರತಿಗಳು ಇಂದಿಗೂ ರಾಶಿಬಿದ್ದಿವೆ. ಅವನ್ನು ಎಷ್ಟು ಕಾಲ ಇಡಬೇಕು, ಹೇಗೆ ನಾಶಮಾಡಬೇಕು ಎಂಬುದನ್ನು ಕೇಳುವವರಿಲ್ಲ.

ಭದ್ರತೆಯ ಇನ್ನೊಂದು ಮುಖ ಹಸಿವಿಗೆ ಸಂಬಂಧಿಸಿದ್ದು. ನಿಜವಾದ ಫಲಾನುಭವಿಗೆ ಪಾಲು ತಲುಪುವುದೂ ಭದ್ರತೆಯೇ ಎಂದು ಒಪ್ಪುವುದಾದರೆ, ಬೆರಳು ಒಪ್ಪಿಗೆಯಾಗದೆ ಬರಿಗೈಲಿ ಮರಳುವುದು ಭದ್ರತಾ ವೈಫಲ್ಯವೆಂದೂ ಒಪ್ಪಬೇಕು. ಗಾರೆ ಕೆಲಸದವರ, ಬಟ್ಟೆ ಪಾತ್ರೆ ತೊಳೆಯುವವರ, ವಯಸ್ಸಾದವರ ಬೆರಳಿನ ಗೆರೆಗಳು ಸವೆದಿರುತ್ತವೆ. ಅಂಗಡಿಯವರು ಥಂಬ್ ಬರ್ತಿಲ್ಲ ಎಂದಾಗ ಅವರು ಬೆರಳನ್ನು ಸೆರಗಿಗೋ ತಲೆಗೂದಲಿಗೋ ಒರೆಸಿ ಮತ್ತೆ ಒತ್ತುತ್ತಾರೆ, ಇನ್ನೊಂದು ಬೆರಳು ಇಡುತ್ತಾರೆ, ಸರ್ವರ್ ಡೌನ್ ಎಂದರೆ ಆ ದಿನದ ಕೂಲಿಯನ್ನೂ ಕಳೆದುಕೊಂಡು ಮರುದಿನ ಬರುತ್ತಾರೆ. ಸರ್ಕಾರಿ ಸೇವೆಗಳ ದೃಢೀಕರಣದಲ್ಲಿ ಯಶಸ್ಸಿನ ಪ್ರಮಾಣ ಶೇ 88 ಎಂದು ಪ್ರಾಧಿಕಾರದ ಮುಖ್ಯಸ್ಥರೇ 2018ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದ್ದರು; ಉಳಿದ ಶೇ 12 ವಂಚಕರಲ್ಲ. 2018-19ರಲ್ಲಿ ನಡೆದ 3.04 ಕೋಟಿ ಬಯೊಮೆಟ್ರಿಕ್ ತಿದ್ದುಪಡಿಗಳಲ್ಲಿ ಶೇ 73ಕ್ಕೂ ಹೆಚ್ಚಿನವು, ದಾಖಲಾದ ಗುರುತು ಸರಿಯಿಲ್ಲದ ಕಾರಣ ಜನರೇ ಹಣ ತೆತ್ತು ಮಾಡಿಸಿಕೊಂಡವೆಂದು ಮಹಾಲೇಖಪಾಲರ ವರದಿ ಹೇಳಿದೆ. 2017ರಲ್ಲಿ ಗೋಕರ್ಣದ ದಲಿತ ಕುಟುಂಬವೊಂದರಲ್ಲಿ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡಾಗ, ಆಧಾರ್ ಜೋಡಣೆಯಾಗದೆ ಆ ಮನೆಗೆ ಪಡಿತರ ನಿಂತುಹೋಗಿತ್ತೆಂದು ಪಿಯುಸಿಎಲ್ ಸಂಘಟನೆಯ ಸತ್ಯಶೋಧನೆ ವರದಿ ಮಾಡಿತು; ಸಾವಿಗೆ ಹಸಿವು ಕಾರಣವೆಂಬುದನ್ನು ಆಡಳಿತ ಒಪ್ಪಲಿಲ್ಲ. ಕಾರಣದ ಬಗ್ಗೆ ಎಷ್ಟೇ ವಿವಾದವಿದ್ದರೂ, ಅಕ್ಕಿಯ ವಿಷಯದಲ್ಲಿ ಯಂತ್ರದ ಉತ್ತರವನ್ನೇ ಕಡೆಯ ಮಾತಾಗಿಸಬಾರದೆಂಬುದರಲ್ಲಿ ವಿವಾದವಿರಬಾರದು.

ಹಾಗಾದರೆ ಬಯೊಮೆಟ್ರಿಕ್ ಬೇಡವೇ ಬೇಡವೆನ್ನಬೇಕೇ? ಹೊರದೇಶಗಳ ಅನುಭವ ಬೇರೆ ದಾರಿಗಳನ್ನೂ ತೋರಿಸುತ್ತದೆ. ಬ್ರಿಟನ್ 2006ರಲ್ಲಿ ಗುರುತಿನ ಚೀಟಿಯ ಕಾಯ್ದೆ ಮಾಡಿ, 2010ರಲ್ಲಿ ಹೊಸ ಸರ್ಕಾರ ಬಂದೊಡನೆ ಅದನ್ನು ರದ್ದುಪಡಿಸಿ ಸಂಗ್ರಹಿಸಿದ್ದ ದತ್ತಾಂಶವನ್ನೂ ನಾಶಪಡಿಸಿತು. ಜರ್ಮನಿಯಲ್ಲಿ 2021ರ ಆಗಸ್ಟ್‌ನಿಂದ ಗುರುತಿನ ಚೀಟಿಗೆ ಎರಡು ಬೆರಳಚ್ಚು ಕಡ್ಡಾಯವಾಗಿದೆ, ಆದರೆ ಅವು ಚೀಟಿಯ ಚಿಪ್ಪಿನಲ್ಲಿ ಮಾತ್ರ ಇರುತ್ತವೆ. ಚೀಟಿ ಕೈಸೇರಿದ ಮೇಲೆ ಕಚೇರಿಯಲ್ಲಿ ಅದರ ಪ್ರತಿ ಉಳಿಯುವಂತಿಲ್ಲ. ಎಸ್ಟೋನಿಯಾದ ಚೀಟಿಯಂತೂ ಬಳಕೆಯ ವೇಳೆ ಬೆರಳನ್ನು ಕೇಳುವುದೇ ಇಲ್ಲ, ಚಿಪ್ ಮತ್ತು ಗುಟ್ಟಿನ ಪಿನ್‌ಗಳಿಂದ ಕೆಲಸ ಮಾಡುತ್ತದೆ. 2017ರಲ್ಲಿ ಅಲ್ಲಿನ ಸುಮಾರು 7.6 ಲಕ್ಷ ಚೀಟಿಗಳ ಚಿಪ್ಪಿನಲ್ಲಿ ದೋಷ ಕಂಡುಬಂದಾಗ ಸರ್ಕಾರ ಅವುಗಳ ಡಿಜಿಟಲ್ ಪ್ರಮಾಣಪತ್ರಗಳನ್ನು ತಡೆಹಿಡಿದು ಹೊಸದನ್ನು ಕೊಟ್ಟಿತು. ಕೆಲವು ವಾರ ಗಲಿಬಿಲಿಯಾದರೂ ಜನರ ಗುರುತು ಶಾಶ್ವತವಾಗಿ ಕೆಡಲಿಲ್ಲ. ಚೀಟಿಯಲ್ಲೇ ಗುರುತು ಇಡುವ ಪದ್ಧತಿಯಲ್ಲಿ ಒಬ್ಬರಿಗೆ ಎರಡು ಚೀಟಿ ಸಿಗುವುದನ್ನು ತಡೆಯುವುದು ಕಷ್ಟವೆಂಬ ಪ್ರಾಧಿಕಾರದ ವಾದ ನ್ಯಾಯವಾದುದೇ. ಆದರೆ ನೋಂದಣಿಯ ದಿನ ಒಮ್ಮೆ ಹೋಲಿಸಲು ಬೇಕಾದ ಬೆರಳನ್ನು ಆಮೇಲೆ ತಿಂಗಳುತಿಂಗಳೂ ಪ್ರತಿ ಅಂಗಡಿಯಲ್ಲೂ ಕೇಳಬೇಕೆಂಬುದು ಆ ವಾದದಿಂದ ಹೊರಡುವ ತೀರ್ಮಾನವಲ್ಲ.

ಬೆರಳು ಕೊಡುವುದರ ವಿರುದ್ಧದ ಪ್ರತಿರೋಧಕ್ಕೂ ಭಾರತೀಯರ ಚರಿತ್ರೆಯಲ್ಲಿ ಹಳೆಯ ಬೇರಿದೆ. ಕರಾರಿನ ಮೇಲೆ ಅಂಗೈಯಚ್ಚು ಒತ್ತಿಸುವುದನ್ನು 1858ರಲ್ಲಿ ಆರಂಭಿಸಿದವನು ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್; 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೊ ತೆರೆದಾಗ ವರ್ಗೀಕರಣದ ಪದ್ಧತಿಯನ್ನು ಕಟ್ಟಲು ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಅದೇ ತಂತ್ರವನ್ನು ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಸರ್ಕಾರ ಭಾರತೀಯರ ಮೇಲೆ ಕಡ್ಡಾಯವಾಗಿ ಹೇರಲು ಹೊರಟಾಗ 1906ರಲ್ಲಿ ಗಾಂಧೀಜಿಯವರ ಚಳವಳಿ ಮೊದಲಾಯಿತು. 1908ರ ಆರಂಭದಲ್ಲಿ, ಕಡ್ಡಾಯವಿಲ್ಲದಿದ್ದರೆ ಸ್ವಇಚ್ಛೆಯಿಂದ ನೋಂದಾಯಿಸಿಕೊಳ್ಳುತ್ತೇವೆಂದು ಅವರು ಒಪ್ಪಿದರು, ಆ ಒಪ್ಪಂದಕ್ಕಾಗಿ ತಮ್ಮವರಿಂದಲೇ ಪೆಟ್ಟು ತಿಂದರು, ಕಡ್ಡಾಯದ ಕಾನೂನು ರದ್ದಾಗದೆ ಉಳಿದಾಗ ಆಗಸ್ಟ್‌ನಲ್ಲಿ ನೋಂದಣಿ ಪತ್ರಗಳನ್ನು ಸುಡಿಸಿದರು. ಅವರ ಆಕ್ಷೇಪ ಬೆರಳಿನ ಶಾಯಿಯ ಮೇಲಿರದೆ ಆಯ್ಕೆಯನ್ನು ಕಿತ್ತುಕೊಳ್ಳುವ ಅಧಿಕಾರದ ಮೇಲಿತ್ತು.

ಆಯ್ಕೆಯನ್ನು ಉಳಿಸಿಯೂ ಕೆಲಸ ನಡೆಯುತ್ತದೆ ಎಂಬುದಕ್ಕೆ ನಾಯಂಡಹಳ್ಳಿಯ ಬಸ್ಸುಗಳಲ್ಲೇ ಸಾಕ್ಷ್ಯವಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರು ಕರ್ನಾಟಕದ ವಿಳಾಸವಿರುವ ಯಾವುದೇ ಸರ್ಕಾರಿ ಗುರುತಿನ ಚೀಟಿ ತೋರಿಸುತ್ತಾರೆ, ನಿರ್ವಾಹಕರು ಕಣ್ಣಾಡಿಸಿ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಬೆರಳೂ ಬೇಡ, ಸಂಖ್ಯೆಯನ್ನು ಬರೆದುಕೊಳ್ಳುವುದೂ ಇಲ್ಲ. ಅಲ್ಲಿ ತಿಳಿಯಬೇಕಾದುದು ಪ್ರಯಾಣಿಕಳು ಈ ರಾಜ್ಯದ ನಿವಾಸಿಯೇ ಎಂಬುದಷ್ಟೇ ಆದುದರಿಂದ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಬೇಕಾದ ವಿವರವನ್ನಷ್ಟೇ ತೋರಿಸಿ ಉಳಿದುದನ್ನು ಮರೆಯಲ್ಲಿಡುವ ಸೌಕರ್ಯವನ್ನು ಪ್ರಾಧಿಕಾರ 2025ರಲ್ಲಿ ಹೊರತಂದ ಹೊಸ ಆ್ಯಪ್ ಕೂಡ ಕೊಡುತ್ತದೆ. ಇದಲ್ಲದೆ ಬೆರಳಚ್ಚನ್ನು ಲಾಕ್ ಮಾಡಿಟ್ಟು ಬೇಕಾದಾಗ ಮಾತ್ರ ತೆರೆಯುವ ವ್ಯವಸ್ಥೆಯಿದೆ, 2018ರಿಂದ ನಿಜ ಸಂಖ್ಯೆಯ ಬದಲು ಕೊಡಬಹುದಾದ ಹದಿನಾರು ಅಂಕಿಗಳ ತಾತ್ಕಾಲಿಕ ಸಂಖ್ಯೆಯೂ ಇದೆ. ಇವೆಲ್ಲ ಸ್ಮಾರ್ಟ್‌ಫೋನ್ ಬಳಸಬಲ್ಲವರಿಗೆ ಹೆಚ್ಚು ಸುಲಭವಾಗಿ ಸಿಗುವ ರಕ್ಷಣೆಗಳು. ಸವೆದ ಬೆರಳಿನವರ ಕೈಯಲ್ಲಿ ಹೆಚ್ಚಾಗಿ ಇರುವುದು ಬಟನ್ ಫೋನು. ಆದ್ದರಿಂದ ಲಾಕ್ ಮೊದಲೇ ಹಾಕಿದ್ದು ಬೇಕೆಂದವರಿಗೆ ತೆರೆಯುವಂತಿರಬೇಕೇ ಹೊರತು, ಈಗಿನಂತೆ ತೆರೆದಿಟ್ಟು ತಿಳಿದವರು ಹಾಕಿಕೊಳ್ಳಲೆಂದು ಬಿಡುವುದು ಸರಿಯಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಯಾವ ಉದ್ದೇಶಕ್ಕೆ ಮಾಹಿತಿ ಪಡೆಯಲಾಯಿತೋ ಆ ಉದ್ದೇಶ ಮುಗಿದಾಗ ಅದನ್ನು ಅಳಿಸಬೇಕೆಂದು ಖಾಸಗಿ ಸಂಸ್ಥೆಗಳಿಗೆ ವಿಧಿಸುತ್ತದೆ. ಆದರೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ವಿಶಾಲ ಅಧಿಕಾರವನ್ನು ಕೇಂದ್ರಕ್ಕೇ ಬಿಟ್ಟಿದೆ. ಕಾವೇರಿಯಂಥ ಸೋರಿಕೆ ಸರ್ಕಾರಿ ತಾಣದಿಂದಲೇ ಆದ ರಾಜ್ಯದಲ್ಲಿ ಈ ವಿನಾಯಿತಿಯನ್ನು ಎಚ್ಚರದಿಂದ ನೋಡಬೇಕಾಗಿದೆ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚಿಲ್ಲದೆ ಆಧಾರ್ ಕೊಡುತ್ತಾರೆ. ಐದು ತುಂಬಿದಾಗ ಮೊದಲ ಸಲ, ಹದಿನೈದು ತುಂಬಿದಾಗ ಎರಡನೆಯ ಸಲ ಹತ್ತು ಬೆರಳು ಮತ್ತು ಕಣ್ಣಿನ ಪಾಪೆಯನ್ನು ದಾಖಲಿಸಬೇಕು, ಮತ್ತು ಈ ಎಲ್ಲಕ್ಕೂ ಒಪ್ಪಿಗೆ ನೀಡುವವರು ತಂದೆತಾಯಿ. 2019ರ ತಿದ್ದುಪಡಿಯು ಇದಕ್ಕೊಂದು ಪರಿಹಾರವನ್ನೂ ಬರೆದಿದೆ: ಹದಿನೆಂಟು ತುಂಬಿದ ಆರು ತಿಂಗಳೊಳಗೆ ಆ ಮಗು ತನ್ನ ಆಧಾರ್ ರದ್ದುಪಡಿಸುವಂತೆ ಅರ್ಜಿ ಹಾಕಬಹುದು. ಆದರೆ ಪದವಿ ಕಾಲೇಜಿನ ಪ್ರವೇಶ, ರಾಜ್ಯ ವಿದ್ಯಾರ್ಥಿವೇತನದ ಜಾಲತಾಣದ ಅರ್ಜಿ, ಮೊದಲ ಪ್ಯಾನ್ ಕಾರ್ಡು, ಕೆಲಸಕ್ಕೆ ಸೇರಿದರೆ ಭವಿಷ್ಯನಿಧಿಯ ಖಾತೆ, ಇವೆಲ್ಲ ಎದುರಾಗುವುದು ಬಹುತೇಕ ಅದೇ ಆರು ತಿಂಗಳಲ್ಲಿ, ಮತ್ತು ಇವುಗಳಲ್ಲಿ ಹೆಚ್ಚಿನವು ಅದೇ ಸಂಖ್ಯೆಯನ್ನು ಕೇಳುತ್ತವೆ. ಇಂಥ ಹಕ್ಕೊಂದು ಇದೆಯೆಂಬುದನ್ನು ನೋಂದಣಿ ಕೇಂದ್ರದ ಗೋಡೆಯ ಮೇಲೂ ಪಿಯು ಕಾಲೇಜಿನ ಸೂಚನಾ ಫಲಕದಲ್ಲೂ ಕನ್ನಡದಲ್ಲಿ ಬರೆದು ಹಾಕುವ ಕೆಲಸಕ್ಕೆ ಹೊಸ ಕಾನೂನು ಬೇಕಾಗಿಲ್ಲ. ರಾಜ್ಯದ ಶಿಕ್ಷಣ ಇಲಾಖೆ ಹೊರಡಿಸುವ ಒಂದು ಸುತ್ತೋಲೆ ಸಾಕು.